ಆಣೆಯ ಸೋದರ, ಸಾಕಿದ ಮಗ: ಇಬ್ಬರು ಲೋಕಿಗಳು

ಮಾರ್ವೆಲ್ ಸಿನಿಮಾ ನೋಡಿ ಲೋಕಿಯ ಹಿಂದೆ ಬಿದ್ದವರು ಮೂಲ ಕಥೆಗಳಿಗೆ ಕೈ ಹಾಕಿದಾಗ ಮೊದಲು ಎಡವುವುದು ನಂಟಸ್ತಿಕೆಯಲ್ಲಿ. ಥಾರ್‌ನ ತಮ್ಮ, ಓಡಿನ್‌ನ ಸಾಕುಮಗ ಎಂದುಕೊಂಡೇ ಓದಲು ಕೂತರೆ ಹತ್ತು ಪುಟ ದಾಟುವಷ್ಟರಲ್ಲಿ ಯಾರು ಯಾರಿಗೆ ಏನಾಗಬೇಕು ಎನ್ನುವುದೇ ಗೋಜಲಾಗುತ್ತದೆ. ಉತ್ತರ ಯೂರೋಪಿನ ಹಳೆಯ ನಾರ್ಸ್ ಪುರಾಣದಲ್ಲಿ ಲೋಕಿ ಥಾರ್‌ಗೆ ತಮ್ಮನಲ್ಲ, ಓಡಿನ್‌ಗೆ ಮಗನೂ ಅಲ್ಲ. ಓಡಿನ್ ಮತ್ತು ಲೋಕಿ ರಕ್ತ ಬೆರೆಸಿ ಆಣೆಯಿಟ್ಟು ಸೋದರರಾದವರು. ನಮ್ಮ ಕಡೆಯ ಲೆಕ್ಕ ಹಾಕಿದರೆ ಓಡಿನ್‌ನ ಮಗ ಥಾರ್ ಲೋಕಿಯನ್ನು ಚಿಕ್ಕಪ್ಪ ಎನ್ನಬೇಕು.

ಇದಕ್ಕೆ ಆಧಾರ ‘ಲೋಕಸೆನ್ನ’ ಎಂಬ ಹಳೆಯ ಪದ್ಯದ 9ನೆಯ ಚರಣ. ಕಡಲಿನ ಒಡೆಯ ಏಗಿರ್‌ನ ಮನೆಯಲ್ಲಿ ದೇವತೆಗಳಿಗೆಲ್ಲ ಔತಣ. ಲೋಕಿ ಅಲ್ಲಿನ ಒಬ್ಬ ಆಳನ್ನು ಕೊಂದು, ಕಾಡಿಗೆ ಅಟ್ಟಿಸಿಕೊಂಡು, ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಬ್ರಾಗಿ ಎಂಬ ದೇವತೆ ಇಲ್ಲಿ ನಿನಗೆ ಜಾಗವಿಲ್ಲ ಎನ್ನುತ್ತಾನೆ. ಲೋಕಿ ಬ್ರಾಗಿಗೆ ಉತ್ತರ ಕೊಡುವ ಗೋಜಿಗೇ ಹೋಗದೆ ಓಡಿನ್ ಕಡೆ ತಿರುಗಿ, ಹಿಂದೆ ನಾವಿಬ್ಬರೂ ರಕ್ತ ಬೆರೆಸಿದ್ದು ನೆನಪಿದೆಯೇ, ಇಬ್ಬರಿಗೂ ತರದ ಹೊರತು ಪಾನ ಮುಟ್ಟುವುದಿಲ್ಲ ಎಂದವನು ನೀನೇ ಅಲ್ಲವೇ, ಎಂದು ಕೇಳುತ್ತಾನೆ. ಓಡಿನ್ ವಾದಕ್ಕೆ ಇಳಿಯುವುದಿಲ್ಲ. ಮಗ ವಿದಾರ್‌ಗೆ ಎದ್ದು ಜಾಗ ಬಿಡು ಎಂದು ಹೇಳಿಬಿಡುತ್ತಾನೆ. ಕೊಟ್ಟ ಮಾತಿನ ಬಲ ಅಷ್ಟು. ಲೋಕಿಗೆ ದೇವತೆಗಳ ನಡುವೆ ಕೂರುವ ಹಕ್ಕು ಬಂದದ್ದು ಹುಟ್ಟಿನಿಂದಲ್ಲ, ಯಾರೋ ಕನಿಕರದಿಂದ ಎತ್ತಿಕೊಂಡು ಸಾಕಿದ್ದರಿಂದಲೂ ಅಲ್ಲ, ಈ ಆಣೆಯಿಂದ.

ಕಾಮಿಕ್ಸ್ ಮಾಡಿದ ದೊಡ್ಡ ಬದಲಾವಣೆ ಲೋಕಿಯನ್ನು ಒಂದು ತಲೆಮಾರು ಕೆಳಗೆ ಇಳಿಸಿದ್ದು. ಕೊಂಬಿನ ಶಿರಸ್ತ್ರಾಣ, ಹಸಿರು ಉಡುಪುಗಳೂ ಮೂಲದಲ್ಲಿಲ್ಲ. ಆದರೆ ಅವೆಲ್ಲ ವೇಷದ ಮಾತು, ಕಥೆಯನ್ನು ತಿರುಗಿಸುವುದಿಲ್ಲ. ಮಾರ್ವೆಲ್‌ನಲ್ಲಿ ಥಾರ್ ಮೊದಲು ಬಂದದ್ದು ‘ಜರ್ನಿ ಇನ್‌ಟು ಮಿಸ್ಟರಿ’ಯ 83ನೆಯ ಸಂಚಿಕೆಯಲ್ಲಿ, 1962ರ ಆಗಸ್ಟ್. ಎರಡೇ ಸಂಚಿಕೆ ಬಿಟ್ಟು, 85ರಲ್ಲಿ, ಅಕ್ಟೋಬರ್‌ಗೆ ಲೋಕಿ ಬಂದ. ಸ್ಟಾನ್ ಲೀ, ಲ್ಯಾರಿ ಲೀಬರ್, ಚಿತ್ರಕಾರ ಜ್ಯಾಕ್ ಕರ್ಬಿ ಸೇರಿ ಕಟ್ಟಿದ ಪಾತ್ರ. ಆ ಸಂಚಿಕೆಯಲ್ಲಿ ಅವನು ಒಂದು ಮರದೊಳಗೆ ಸೆರೆಯಲ್ಲಿರುತ್ತಾನೆ. ತನಗಾಗಿ ಯಾರಾದರೂ ಕಣ್ಣೀರು ಹಾಕಿದರೆ ಬಿಡುಗಡೆ. ಹಾದುಹೋಗುವ ದೇವತೆಗಳ ಕಾವಲುಗಾರ ಹೈಮ್‌ಡಾಲ್‌ನ ಕಣ್ಣಿಗೆ ಒಂದು ಎಲೆ ಉದುರಿಸಿ ಆ ನೀರನ್ನೇ ಕಣ್ಣೀರಿನ ಲೆಕ್ಕಕ್ಕೆ ಹಿಡಿಯುತ್ತಾನೆ. ಮಾತಿನ ಸಂದಿಯಲ್ಲಿ ನುಸುಳುವ ಈ ಬುದ್ಧಿ ಹಳೆಯ ಲೋಕಿಯದೇ. ಅದನ್ನು ಆಮೇಲೆ ನೋಡೋಣ. ಸಾಕುಮಗನ ಕಥೆ ಬಂದದ್ದು 112ನೆಯ ಸಂಚಿಕೆಯಲ್ಲಿ, 1965ರ ಜನವರಿ. ಹಿಮದೈತ್ಯರ ರಾಜ ಲೌಫೆ ಯುದ್ಧದಲ್ಲಿ ಸಾಯುತ್ತಾನೆ, ಅವನ ಕೂಸನ್ನು ಓಡಿನ್ ಎತ್ತಿಕೊಂಡು ಬರುತ್ತಾನೆ. 2011ರ ‘ಥಾರ್’ ಸಿನಿಮಾ ನಿಂತಿರುವುದೇ ಈ ಅಡಿಪಾಯದ ಮೇಲೆ.

ಮೂಲದಲ್ಲಿ ಲೌಫೆ ಗಂಡಸೇ ಅಲ್ಲ, ಲೋಕಿಯ ತಾಯಿ. ಅಪ್ಪ ಫಾರ್ಬೌತಿ ಎಂಬ ದೈತ್ಯ. ಈ ಕಥೆಗಳನ್ನು ಬರೆದಿಟ್ಟ ಆ ಕಾಲದ ಐಸ್‌ಲ್ಯಾಂಡ್‌ನಲ್ಲಿ ಮಕ್ಕಳನ್ನು ಸಾಮಾನ್ಯವಾಗಿ ಅಪ್ಪನ ಹೆಸರಿನಿಂದ ಕರೆಯುತ್ತಿದ್ದರು. ಲೋಕಿಯನ್ನು ಮಾತ್ರ ಪದ್ಯಗಳು ತಾಯಿಯ ಹೆಸರು ಹಿಡಿದು ‘ಲೌಫೆಯ ಮಗ’ ಎನ್ನುತ್ತವೆ.

ಮಂಡ್ಯ, ಮೈಸೂರು ಕಡೆಯವರಿಗೆ ಕಾಮಿಕ್ಸ್ ಮಾಡಿದ ಕೆಲಸ ಹೊಸದೇನಲ್ಲ. ನಮ್ಮ ಹಳ್ಳಿಗಳ ‘ಕುರುಕ್ಷೇತ್ರ’ ನಾಟಕದ ಶಕುನಿಯನ್ನು ನೆನಪಿಸಿಕೊಳ್ಳಿ. ಕೌರವರ ಸೆರೆಯಲ್ಲಿ ತಂದೆ, ಅಣ್ಣತಮ್ಮಂದಿರು ಹಸಿವಿನಿಂದ ಸತ್ತು, ತಂದೆಯ ಎಲುಬಿನಿಂದಲೇ ದಾಳ ಮಾಡಿಕೊಂಡು ಸೇಡಿಗೆ ಕೂತ ಶಕುನಿ. ಈ ಕಥೆ ವ್ಯಾಸಭಾರತದಲ್ಲಿಲ್ಲ. ಅಲ್ಲಿ ಅವನು ಸೋದರಳಿಯನ ಪಕ್ಷ ಹಿಡಿದ ಮಾವ, ಜೂಜಿನ ಚತುರ, ಅಷ್ಟೆ. ಜನ ಅವನಿಗೊಂದು ಗಾಯ ಕೊಟ್ಟರು. ಕೊಟ್ಟ ಮೇಲೆ ಆ ಪಾತ್ರಕ್ಕೆ ರಂಗದ ಮೇಲೆ ಹೊಸ ಜೀವ ಬಂತು. ದುರ್ಯೋಧನನ ಪಾತ್ರದಷ್ಟೇ ಪೈಪೋಟಿಯಿಂದ ಶಕುನಿಯ ಪಾತ್ರವನ್ನೂ ಕಟ್ಟಿಕೊಳ್ಳುವವರಿದ್ದಾರೆ. ಲೋಕಿಗೆ ಕಾಮಿಕ್ಸ್ ಕೊಟ್ಟದ್ದೂ ಇಂಥದೇ ಗಾಯ: ನಿನ್ನನ್ನು ಹೆತ್ತವರು ಶತ್ರುಗಳು, ಸಾಕಿದವರು ಸತ್ಯ ಮುಚ್ಚಿಟ್ಟರು, ಸಿಂಹಾಸನ ಅಣ್ಣನಿಗೆ. ಆಣೆಯ ಕಥೆ ಹೋಗಿ ದಾಯಾದಿ ಕಥೆ ಬಂತು. ನಮ್ಮವರಿಗೆ ಸಿನಿಮಾದ ಲೋಕಿ ಅಷ್ಟು ಬೇಗ ಹತ್ತಿರವಾದದ್ದು ಇದರಿಂದಲೇ ಎಂದು ನನಗೆ ಅನ್ನಿಸುತ್ತದೆ. ಪಾಲು, ಪಟ್ಟ, ಮಲತಾಯಿ, ಸಾಕುಮಗ ಎಂದರೆ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಮೂಲದ ಲೋಕಿಗೆ ಸಿಂಹಾಸನ ಬೇಡ. ಯಾವ ಪದ್ಯದಲ್ಲೂ ಅವನು ಅದನ್ನು ಕೇಳುವುದಿಲ್ಲ. ಹಾಗಾದರೆ ಅವನು ಮಾಡುವುದೇನು ಎಂದು ತಿಳಿಯಬೇಕಾದರೆ ಸಿಫ್‌ಳ ಕೂದಲಿನ ಕಥೆಯನ್ನು ಬಿಡಿಬಿಡಿಯಾಗಿ ನೋಡಬೇಕು. ನನ್ನ ಮಟ್ಟಿಗೆ ಲೋಕಿಯ ಕಥೆಗಳಲ್ಲೆಲ್ಲ ಕಟ್ಟಡ ಗಟ್ಟಿ ಇರುವುದು ಇದರದು.

ಥಾರ್‌ನ ಹೆಂಡತಿ ಸಿಫ್‌ಳ ತಲೆಗೂದಲನ್ನು ಲೋಕಿ ಕಿಡಿಗೇಡಿತನಕ್ಕೆ ಪೂರ್ತಿ ಕತ್ತರಿಸಿಬಿಡುತ್ತಾನೆ. ಮೈಮೂಳೆಯನ್ನೆಲ್ಲ ಪುಡಿ ಮಾಡುತ್ತೇನೆ ಎಂದು ಥಾರ್ ಹಿಡಿದಾಗ, ಚಿನ್ನದ ಕೂದಲನ್ನೇ ಮಾಡಿಸಿ ತರುತ್ತೇನೆಂದು ಮಾತು ಕೊಡುತ್ತಾನೆ. ಇವಾಲ್ಡಿಯ ಮಕ್ಕಳೆಂಬ ಕುಳ್ಳ ಕಮ್ಮಾರರು ಮೂರು ವಸ್ತು ಮಾಡಿಕೊಡುತ್ತಾರೆ. ಒಂದು, ತಲೆಗೆ ತಾಗಿದೊಡನೆ ಬೇರೂರಿ ಬೆಳೆಯುವ ಚಿನ್ನದ ಕೂದಲು. ಎರಡು, ಸ್ಕಿದ್‌ಬ್ಲಾದ್ನಿರ್ ಎಂಬ ಹಡಗು. ದೇವತೆಗಳೆಲ್ಲ ಆಯುಧ ಸಮೇತ ಹಿಡಿಸುವಷ್ಟು ದೊಡ್ಡದು, ಬೇಡವಾದಾಗ ಬಟ್ಟೆಯ ಹಾಗೆ ಮಡಿಚಿ ಚೀಲಕ್ಕೆ ಹಾಕಿಕೊಳ್ಳಬಹುದು. ಮೂರು, ಗುಂಗ್ನಿರ್ ಎಂಬ ಈಟಿ. ಅಲ್ಲಿಗೆ ಸಾಲ ತೀರಿತು, ಮನೆಗೆ ಹೋಗಬಹುದಿತ್ತು. ಲೋಕಿ ಹೋಗುವುದಿಲ್ಲ. ಬ್ರೋಕ್ ಎಂಬ ಇನ್ನೊಬ್ಬ ಕುಳ್ಳನ ಹತ್ತಿರ, ನಿನ್ನ ಅಣ್ಣ ಐತ್ರಿ ಇಷ್ಟು ಒಳ್ಳೆಯ ಮೂರು ವಸ್ತು ಮಾಡಲಾರ ಎಂದು ತನ್ನ ತಲೆಯನ್ನೇ ಪಣಕ್ಕಿಡುತ್ತಾನೆ.

ಕುಲುಮೆಯ ಕೆಲಸ ಹೀಗೆ ನಡೆಯುತ್ತದೆ. ಐತ್ರಿ ಬೆಂಕಿಗೆ ಹಂದಿಯ ಚರ್ಮ ಹಾಕಿ, ನಾನು ಬರುವವರೆಗೆ ತಿದಿ ಒತ್ತುವುದನ್ನು ನಿಲ್ಲಿಸಬೇಡ ಎಂದು ಬ್ರೋಕ್‌ಗೆ ಹೇಳಿ ಹೊರಗೆ ಹೋಗುತ್ತಾನೆ. ಒಂದು ನೊಣ ಬಂದು ಬ್ರೋಕ್‌ನ ಕೈಗೆ ಕಚ್ಚುತ್ತದೆ, ಅದು ವೇಷ ಬದಲಿಸಿದ ಲೋಕಿಯೇ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಅವನು ನಿಲ್ಲಿಸುವುದಿಲ್ಲ, ಚಿನ್ನದ ರೋಮದ ಹಂದಿ ಹೊರಬರುತ್ತದೆ, ಗಾಳಿಯಲ್ಲೂ ನೀರಿನ ಮೇಲೂ ಓಡುವಂಥದು, ಕತ್ತಲಲ್ಲಿ ರೋಮವೇ ಬೆಳಕು. ಎರಡನೆಯ ಸಲ ಚಿನ್ನ. ನೊಣ ಕುತ್ತಿಗೆಗೆ ಕಚ್ಚುತ್ತದೆ, ಮೊದಲಿನ ಎರಡರಷ್ಟು ಜೋರಾಗಿ. ಆಗಲೂ ನಿಲ್ಲಿಸುವುದಿಲ್ಲ, ಡ್ರೌಪ್ನಿರ್ ಎಂಬ ಬಳೆ ಬರುತ್ತದೆ. ಪ್ರತಿ ಒಂಬತ್ತನೆಯ ರಾತ್ರಿ ಅದರಿಂದ ಅಷ್ಟೇ ತೂಕದ ಎಂಟು ಬಳೆ ಉದುರುತ್ತವೆ. ಮೂರನೆಯ ಸಲ ಕಬ್ಬಿಣ. ಈ ಸಲ ನೊಣ ರೆಪ್ಪೆಗೆ ಕಚ್ಚಿ, ರಕ್ತ ಕಣ್ಣಿಗೆ ಇಳಿದು ದಾರಿ ಕಾಣದಾದಾಗ, ಬ್ರೋಕ್ ಒಂದು ಕ್ಷಣ ತಿದಿಯಿಂದ ಕೈ ತೆಗೆದು ನೊಣವನ್ನು ಅಟ್ಟುತ್ತಾನೆ. ಅಷ್ಟರಿಂದ ಸುತ್ತಿಗೆಯ ಹಿಡಿ ಗಿಡ್ಡವಾಯಿತು. ಸಿನಿಮಾದಲ್ಲೂ ಥಾರ್‌ನ ಸುತ್ತಿಗೆಯ ಹಿಡಿ ಚಿಕ್ಕದೇ. 2018ರ ‘ಇನ್‌ಫಿನಿಟಿ ವಾರ್’ನಲ್ಲಿ ಕುಲುಮೆಯ ಒಡೆಯನಿಗೆ ಐತ್ರಿ ಎಂಬ ಹೆಸರನ್ನೂ ಉಳಿಸಿಕೊಂಡಿದ್ದಾರೆ, ಆದರೆ ಕುಳ್ಳನನ್ನು ಭಾರಿ ಆಳಾಗಿ ತೋರಿಸಿದ್ದಾರೆ. ನೊಣದ ಕಥೆ ಮಾತ್ರ ಅಲ್ಲಿಲ್ಲ.

ಓಡಿನ್, ಥಾರ್, ಫ್ರೇ ಮೂವರೂ ತೀರ್ಪುಗಾರರು. ದೈತ್ಯರನ್ನು ತಡೆಯಲು ಇದೇ ಬೇಕು ಎಂದು ಸುತ್ತಿಗೆಯನ್ನೇ ಎಲ್ಲಕ್ಕಿಂತ ಮೇಲು ಎನ್ನುತ್ತಾರೆ. ಲೋಕಿ ಸೋತ. ತಲೆ ಕೊಡಬೇಕು. ಆಗ ಅವನ ವಾದ: ಪಣಕ್ಕಿಟ್ಟದ್ದು ತಲೆ, ಕತ್ತಲ್ಲ, ಕತ್ತಿಗೆ ಗಾಯವಾಗದಂತೆ ತಲೆ ತೆಗೆದುಕೋ. ಬ್ರೋಕ್ ಸುಮ್ಮನಾಗುವುದಿಲ್ಲ. ತಲೆ ನನ್ನದಾದರೆ ಬಾಯಿಯೂ ನನ್ನದೇ ಎಂದು ಅವನ ತುಟಿ ಹೊಲಿಯುತ್ತಾನೆ. ಚಾಕು ನಾಟುವುದಿಲ್ಲ, ಅಣ್ಣನ ದಬ್ಬಳದಿಂದ ತೂತು ಕೊರೆದು ದಾರ ಪೋಣಿಸುತ್ತಾನೆ. ಲೋಕಿ ದಾರ ಕಿತ್ತುಕೊಳ್ಳುತ್ತಾನೆ, ತುಟಿಯ ಅಂಚು ಹರಿಯುತ್ತದೆ.

ಈ ಹೊಲಿದ ತುಟಿ ಕಲ್ಲಿನಲ್ಲೂ ಉಳಿದಿದೆ ಎನ್ನುತ್ತಾರೆ ವಿದ್ವಾಂಸರು. 1950ರಲ್ಲಿ ಡೆನ್ಮಾರ್ಕ್‌ನ ಸ್ನಾಪ್ಟುನ್ ಬಳಿಯ ಕಡಲ ದಂಡೆಯಲ್ಲಿ ಸಿಕ್ಕಿದ್ದು, ಸುಮಾರು ಕ್ರಿ.ಶ. 1000ದ ಬಳಪದ ಕಲ್ಲು. ಸುರುಳಿ ಮೀಸೆಯ ಒಂದು ಮುಖ, ತುಟಿಗಳ ಮೇಲೆ ಅಡ್ಡ ಗೀರುಗಳು, ಬಾಯಿಯ ಕೆಳಗೆ ಒಂದು ತೂತು. ಅದು ಕುಲುಮೆಯ ಕಲ್ಲು: ತಿದಿಯ ಮೂತಿಯನ್ನು ಆ ತೂತಿಗೆ ಇಟ್ಟರೆ ಗಾಳಿ ಬೆಂಕಿಗೆ ಹೋಗುತ್ತದೆ, ತಿದಿಗೆ ಬೆಂಕಿ ತಾಗುವುದಿಲ್ಲ. ಕಮ್ಮಾರನ ತಿದಿಯನ್ನು ಕೆಡಿಸಲು ಬಂದ ನೊಣದ ಮುಖವನ್ನೇ ತಿದಿ ಕಾಯುವ ಕಲ್ಲಿನ ಮೇಲೆ ಕೆತ್ತಿದ ಆ ಕೈಗೆ ಕಥೆ ಚೆನ್ನಾಗಿ ಗೊತ್ತಿತ್ತು. ಈಗ ಅದು ಆರ್ಹುಸ್ ಬಳಿಯ ಮೂಸ್‌ಗಾರ್ಡ್ ವಸ್ತುಸಂಗ್ರಹಾಲಯದಲ್ಲಿದೆ.

ಲೋಕಿಯ ಯಾವ ಕಥೆ ಓದಿದರೂ ಇದೇ ನಾಲ್ಕು ಹಂತ ಹುಡುಕಿ. ಲೋಕಿ ಕೆಡಿಸುತ್ತಾನೆ. ದೇವತೆಗಳು ಜೀವದ ಬೆದರಿಕೆ ಹಾಕುತ್ತಾರೆ. ಅವನು ಸರಿಪಡಿಸಿ, ಕಳೆದದ್ದಕ್ಕಿಂತ ಹೆಚ್ಚು ತಂದುಕೊಡುತ್ತಾನೆ. ನೋವು ಮಾತ್ರ ಅವನ ಮೈಮೇಲೆ. ದೇವತೆಗಳ ನೆಲೆಯಾದ ಆಸ್‌ಗಾರ್ಡ್‌ನ ಗೋಡೆಯ ಕಥೆಯೂ ಹಾಗೆಯೇ. ಮೇಸ್ತ್ರಿಯೊಬ್ಬ ಒಂದೇ ಚಳಿಗಾಲದಲ್ಲಿ ಕೋಟೆ ಕಟ್ಟಿದರೆ ಫ್ರೇಯಾ ಎಂಬ ದೇವಿ, ಸೂರ್ಯ, ಚಂದ್ರ ಮೂರನ್ನೂ ಕೊಡುವ ಕರಾರಿಗೆ ದೇವತೆಗಳು ಒಪ್ಪಿದ್ದು. ಮೇಸ್ತ್ರಿಗೆ ಕುದುರೆ ಬಳಸಲು ಬಿಡಿ ಎಂದವನು ಲೋಕಿ. ಬೇಸಿಗೆಗೆ ಮೂರೇ ದಿನ ಉಳಿದಾಗ, ಗೋಡೆ ಮುಗಿಯುತ್ತಾ ಬಂದಾಗ, ಎಲ್ಲರೂ ಲೋಕಿಯ ಕೊರಳಿಗೆ ಕೈ ಹಾಕುತ್ತಾರೆ. ಅವನು ಹೆಣ್ಣುಕುದುರೆಯಾಗಿ ಮೇಸ್ತ್ರಿಯ ಗಂಡುಕುದುರೆಯನ್ನು ಕಾಡಿಗೆ ಸೆಳೆದೊಯ್ದು, ಗಬ್ಬವಾಗಿ, ಎಂಟು ಕಾಲಿನ ಸ್ಲೈಪ್ನಿರ್‌ನನ್ನು ಈಯುತ್ತಾನೆ. ಓಡಿನ್ ಸವಾರಿ ಮಾಡುವ ಕುದುರೆ ಅದೇ. ಅಂದರೆ ಲೋಕಿ ಸ್ಲೈಪ್ನಿರ್‌ಗೆ ತಾಯಿ. ಆಂಗರ್‌ಬೋಡಾ ಎಂಬ ದೈತ್ಯೆಯಿಂದ ಅವನಿಗೆ ಹುಟ್ಟಿದ ಮೂವರು ಬೇರೆ: ಫೆನ್ರಿರ್ ತೋಳ, ಭೂಮಿಯನ್ನು ಸುತ್ತಿಕೊಂಡ ಸರ್ಪ, ಸತ್ತವರ ಲೋಕದ ಒಡತಿ ಹೆಲ್. 2017ರ ‘ರಾಗ್ನರಾಕ್’ ಸಿನಿಮಾ ಹೆಲ್‌ಳನ್ನು ಓಡಿನ್‌ನ ಹಿರಿಮಗಳಾಗಿಸಿ, ತೋಳವನ್ನು ಅವಳ ಸಾಕುಪ್ರಾಣಿ ಮಾಡಿತು. ಮೂಲದಲ್ಲಿ ತೋಳ ಅವಳ ಅಣ್ಣತಮ್ಮನ ಪೈಕಿ.

ಕೆಡಿಸಿ ಕಟ್ಟುವ ಈ ಗುಣವನ್ನು ಕಾಮಿಕ್ಸ್ ಕಳೆದುಕೊಂಡಿಲ್ಲ ಎನ್ನುವುದು ನನಗೆ ಮುಖ್ಯ. 1963ರ ಸೆಪ್ಟೆಂಬರಿನ ‘ಅವೆಂಜರ್ಸ್’ ಮೊದಲ ಸಂಚಿಕೆಯಲ್ಲಿ ಲೋಕಿ ಹಲ್ಕ್‌ನನ್ನು ಸಿಕ್ಕಿಸಿ ಥಾರ್‌ನನ್ನು ಎಳೆಯಲು ನೋಡುತ್ತಾನೆ. ಸಹಾಯದ ಕರೆ ಬೇರೆಯವರ ಕಿವಿಗೂ ಬಿದ್ದು ಒಂದು ತಂಡವೇ ಹುಟ್ಟುತ್ತದೆ. 2012ರ ಸಿನಿಮಾದಲ್ಲೂ ತಂಡ ಸೇರುವುದು ಅವನ ದೆಸೆಯಿಂದ. ಲೋಕಿ ಇಲ್ಲದಿದ್ದರೆ ಹಳೆಯ ಥಾರ್‌ಗೆ ಸುತ್ತಿಗೆ ಇಲ್ಲ, ಹೊಸ ಥಾರ್‌ಗೆ ಗೆಳೆಯರಿಲ್ಲ.

ಓಡಿನ್‌ನ ಮಗ ಬಾಲ್ಡರ್‌ನ ಸಾವಿನಲ್ಲಿ ಮಾತ್ರ ನಾಲ್ಕು ಹಂತ ಮುರಿಯುತ್ತದೆ. ಮಗನಿಗೆ ಕೆಟ್ಟ ಕನಸು ಬಿತ್ತೆಂದು ತಾಯಿ ಫ್ರಿಗ್ ಬೆಂಕಿ, ನೀರು, ಲೋಹ, ಕಲ್ಲು, ಮರ, ರೋಗ, ಪ್ರಾಣಿ, ವಿಷ ಎಲ್ಲದರಿಂದಲೂ ಅವನಿಗೆ ಹಾನಿ ಮಾಡುವುದಿಲ್ಲವೆಂದು ಆಣೆ ಪಡೆಯುತ್ತಾಳೆ. ಒಂದೇ ಒಂದು ಗಿಡವನ್ನು, ಇನ್ನೂ ಎಳೆಯದು ಎಂದು ಬಿಡುತ್ತಾಳೆ: ಮಿಸಲ್‌ಟೋ. ಹೆಂಗಸಿನ ವೇಷದಲ್ಲಿ ಬಂದ ಲೋಕಿ ಅದನ್ನು ಅವಳ ಬಾಯಿಂದಲೇ ಹೊರಡಿಸಿ, ಕಿತ್ತು ತಂದು, ಕುರುಡ ಹೋದರ್‌ನ ಕೈಗೆ ಕೊಟ್ಟು ಎಸೆಸುತ್ತಾನೆ. ಹಿರಣ್ಯಕಶಿಪುವಿನ ವರದ ಸಂದು ಹುಡುಕಿದ ಕಥೆ ಕೇಳಿ ಬೆಳೆದವರಿಗೆ ಈ ಕಟ್ಟು ಕೂಡಲೇ ಹಿಡಿಯುತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ಸಾಯುವವನು ಒಳ್ಳೆಯವನು.

ಮಿಸಲ್‌ಟೋ ಎಂದರೆ ಏನೆಂದು ನೋಡಲು ಯೂರೋಪಿಗೆ ಹೋಗಬೇಕಿಲ್ಲ. ಮೈಸೂರು ಸುತ್ತಿನ ಯಾವುದೇ ಹಳೆಯ ಮಾವಿನ ತೋಪಿನಲ್ಲಿ ತಲೆ ಎತ್ತಿ ನೋಡಿ. ಮಾವಿನೆಲೆಗಿಂತ ದಪ್ಪ, ಮಾಸಲು ಹಸಿರಿನ ಎಲೆಯ ಪೊದೆಯೊಂದು ಕೊಂಬೆಯಿಂದಲೇ ಹೊರಟಿರುತ್ತದೆ, ಉದ್ದ ಕೊಳವೆಯ ಕೆಂಪು-ಕಿತ್ತಳೆ ಹೂ. ಅದು ಬದನಿಕೆ, ಅದರ ದೂರದ ನೆಂಟ. ಮಣ್ಣಿಗೆ ಬೇರಿಲ್ಲ. ಹಕ್ಕಿ ತಿಂದ ಹಣ್ಣಿನ ಅಂಟುಬೀಜ ಕೊಂಬೆಗೆ ಹತ್ತಿ, ತೊಗಟೆ ಸೀಳಿ ಒಳಗಿನ ನೀರು ಕುಡಿಯುತ್ತದೆ. ಯೂರೋಪಿನ ಗಿಡವನ್ನು ಇವತ್ತಿನ ಸಸ್ಯಶಾಸ್ತ್ರ ನಮ್ಮ ಶ್ರೀಗಂಧದ ಕುಟುಂಬಕ್ಕೇ ಸೇರಿಸುತ್ತದೆ. ಶ್ರೀಗಂಧವೂ ಪಕ್ಕದ ಮರದ ಬೇರಿನಿಂದ ಹೀರುವಂಥದೇ. ಚಳಿಗಾಲದಲ್ಲಿ ಆಸರೆಯ ಮರ ಎಲೆಯೆಲ್ಲ ಉದುರಿಸಿ ನಿಂತಾಗ ಮಿಸಲ್‌ಟೋ ಒಂದೇ ಹಸಿರಾಗಿರುತ್ತದೆ. ಭೂಮಿಯದೂ ಅಲ್ಲದ, ಮರವೂ ಅಲ್ಲದ ಗಿಡ ಆಣೆಯ ಪಟ್ಟಿಯಿಂದ ತಪ್ಪಿಸಿಕೊಂಡದ್ದರಲ್ಲಿ ಅರ್ಥವಿದೆ. ಐಸ್‌ಲ್ಯಾಂಡ್‌ನಲ್ಲಿ ಮಾತ್ರ ಇದು ಬೆಳೆಯುವುದಿಲ್ಲ. ಅಲ್ಲಿ ಕಥೆ ಬರೆದಿಟ್ಟವರು ಮೊಣಕೈ ಉದ್ದದ ಕವಲು ಕಡ್ಡಿಯನ್ನು ಎದೆ ತೂರುವ ಆಯುಧವಾಗಿ ಕಲ್ಪಿಸಿಕೊಳ್ಳಲು ಅದೂ ಒಂದು ಕಾರಣ ಇರಬಹುದು.

ಇಲ್ಲಿ ಓದುಗರು ಗಮನಿಸದೆ ದಾಟುವ ಒಂದು ವಿಷಯವಿದೆ. ಬಾಲ್ಡರ್‌ನ ಸಾವಿಗೆ ಲೋಕಿಯೇ ಸೂತ್ರಧಾರ ಎನ್ನುವ ಪೂರ್ತಿ ಕಥೆ ಇರುವುದು ಐಸ್‌ಲ್ಯಾಂಡ್‌ನ ಸ್ನೊರಿ ಸ್ಟುರ್ಲುಸನ್ ಸುಮಾರು 1220ರಲ್ಲಿ ಬರೆದ ‘ಗದ್ಯ ಎಡ್ಡಾ’ ಎಂಬ ಪುರಾಣ ಗ್ರಂಥದಲ್ಲಿ. ‘ವೊಲುಸ್ಪಾ’ ಪದ್ಯದಲ್ಲಿ ಎಸೆದವನು ಹೋದರ್. ಲೋಕಿ ಹೇಳಿ ಎಸೆಸಿದ ಎಂಬ ಮಾತು ಅಲ್ಲಿಲ್ಲ. ಡೆನ್ಮಾರ್ಕ್‌ನ ಸ್ಯಾಕ್ಸೋ ಸುಮಾರು ಅದೇ ಕಾಲದಲ್ಲಿ ಲ್ಯಾಟಿನ್‌ನಲ್ಲಿ ಬರೆದ ಕಥೆಯಲ್ಲಿ ಇಬ್ಬರು ವೀರರು ನಾನ್ನಾ ಎಂಬ ಹೆಣ್ಣಿಗಾಗಿ ಕಾದಾಡುತ್ತಾರೆ, ಲೋಕಿಯ ಸುಳಿವೇ ಇಲ್ಲ. ‘ಲೋಕಸೆನ್ನ’ದಲ್ಲಿ ಲೋಕಿ ಫ್ರಿಗ್‌ಗೆ, ನಿನ್ನ ಮಗನನ್ನು ನೀನಿನ್ನು ನೋಡದಂತೆ ಮಾಡಿದವನು ನಾನೇ ಎನ್ನುತ್ತಾನೆ. ಲೋಕವೆಲ್ಲ ಅತ್ತರೆ ಬಾಲ್ಡರ್ ಮರಳುವನೆಂದಾಗ ಅಳಲು ಒಪ್ಪದ ಥೋಕ್ ಎಂಬ ದೈತ್ಯೆ ಲೋಕಿಯೇ ಇರಬೇಕು ಎನ್ನುವುದನ್ನು ಸ್ವತಃ ಸ್ನೊರಿ ಜನರ ಊಹೆಯಾಗಿ ಹೇಳುತ್ತಾನೆಯೇ ಹೊರತು ಖಚಿತವಾಗಿ ಅಲ್ಲ. ಶಿಕ್ಷೆಯ ಕಾರಣವೂ ಎರಡು: ಸ್ನೊರಿಯ ಪ್ರಕಾರ ಬಾಲ್ಡರ್‌ನ ಕೊಲೆಗೆ, ‘ಲೋಕಸೆನ್ನ’ದ ಕೊನೆಗಿರುವ ಗದ್ಯದ ಪ್ರಕಾರ ಔತಣದಲ್ಲಿ ಬೈದದ್ದರ ಬಳಿಕ. ಸ್ನೊರಿ ಕ್ರೈಸ್ತ, ಅವನ ದೇಶ ಮತ ಬದಲಿಸಿ ಎರಡು ಶತಮಾನ ದಾಟಿತ್ತು. ಒಬ್ಬನನ್ನೇ ಎಲ್ಲ ಕೇಡಿಗೂ ಹೊಣೆ ಮಾಡುವ ಒಲವು ಅವನಿಗೆ ಇದ್ದಿರಲಿಕ್ಕೂ ಸಾಕು. ಹಾಗೆಂದು ಅವನನ್ನು ಬಿಟ್ಟರೆ ನಮಗೆ ಕೂದಲಿನ ಕಥೆಯೂ ಇಲ್ಲ, ಗೋಡೆಯ ಕಥೆಯೂ ಇಲ್ಲ.

ಪದ್ಯಗಳು ಉಳಿದದ್ದೂ ಒಂದು ಕೂದಲೆಳೆಯಲ್ಲಿ. ದೇವತೆಗಳ ಪದ್ಯಗಳಲ್ಲಿ ಹೆಚ್ಚಿನವು ನಮಗೆ ಸಿಕ್ಕಿರುವುದು ಸುಮಾರು 1270ರಲ್ಲಿ ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದ ಒಂದು ಹಸ್ತಪ್ರತಿಯಿಂದ, ‘ಕೋಡೆಕ್ಸ್ ರೇಗಿಯಸ್’. ನಮ್ಮಲ್ಲಿ ಹೊಯ್ಸಳ ಮೂರನೆಯ ನರಸಿಂಹ ಆಳುತ್ತಿದ್ದ ಕಾಲ ಅದು, ಸೋಮನಾಥಪುರದ ಕೇಶವ ದೇವಾಲಯ ಎದ್ದ ಕಾಲ. ಉಳಿದಿರುವುದು 45 ಹಾಳೆ. ನಡುವಿನ 8 ಕಳೆದುಹೋಗಿವೆ. 1643ರಲ್ಲಿ ಐಸ್‌ಲ್ಯಾಂಡ್‌ನ ಒಬ್ಬ ಬಿಷಪ್ ಕೈಗೆ ಬಂದು, 1662ರಲ್ಲಿ ಡೆನ್ಮಾರ್ಕ್ ರಾಜನಿಗೆ ಹೋಗಿ, 1971ರಲ್ಲಿ ಹಡಗಿನಲ್ಲಿ ಐಸ್‌ಲ್ಯಾಂಡ್‌ಗೆ ಮರಳಿತು. ಒಂದು ಹಸ್ತಪ್ರತಿ ತಪ್ಪಿದರೆ ಏನೇನು ತಪ್ಪುತ್ತದೆ ಎಂಬುದನ್ನು ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಇಲ್ಲಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೇ.

ಶಿಕ್ಷೆಯ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಲೋಕಿ ಮೀನಿನ ರೂಪದಲ್ಲಿ ಜಲಪಾತದಲ್ಲಿ ಅಡಗುತ್ತಾನೆ. ಅವನೇ ನೂಲಿನಿಂದ ಹೆಣೆದು ಬೆಂಕಿಗೆ ಎಸೆದ ಬಲೆಯ ಬೂದಿಯ ಗುರುತು ನೋಡಿ ದೇವತೆಗಳು ಬಲೆ ಹೆಣೆದು ಅವನನ್ನು ಹಿಡಿಯುತ್ತಾರೆ. ಮೂರು ಚಪ್ಪಡಿ ಕಲ್ಲುಗಳ ಮೇಲೆ, ಹೆಗಲು, ಸೊಂಟ, ಮಂಡಿಗಳ ಕೆಳಗೆ ಒಂದೊಂದು, ಅವನ ಮಗನ ಕರುಳಿನಿಂದಲೇ ಕಟ್ಟುತ್ತಾರೆ. ಮುಖದ ಮೇಲೆ ವಿಷ ತೊಟ್ಟಿಕ್ಕುವ ಹಾವು. ಹೆಂಡತಿ ಸಿಗಿನ್ ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ. ತುಂಬಿದಾಗ ಚೆಲ್ಲಲು ತಿರುಗಿದರೆ ವಿಷ ಬೀಳುತ್ತದೆ, ಅವನು ಒದ್ದಾಡಿದರೆ ಭೂಕಂಪ. ಕೊನೆಗೆ ಕಟ್ಟು ಹರಿದುಕೊಂಡು ಲೋಕವನ್ನೇ ಮುಗಿಸಲು ಬರುತ್ತಾನೆ, ಹೈಮ್‌ಡಾಲ್ ಮತ್ತು ಅವನು ಪರಸ್ಪರ ಕೊಂದುಕೊಳ್ಳುತ್ತಾರೆ. 2021 ಮತ್ತು 2023ರಲ್ಲಿ ಆರಾರು ಕಂತಾಗಿ ಬಂದ ‘ಲೋಕಿ’ ಸರಣಿಯ ಕೊನೆ ನೋಡಿದವರು ಇದರ ಪಕ್ಕದಲ್ಲಿ ಅದನ್ನಿಟ್ಟು ನೋಡಬೇಕು. ಅಲ್ಲೂ ಲೋಕಿ ಕಟ್ಟಿಹಾಕಿದವನ ಹಾಗೆ ಒಂದೇ ಕಡೆ ಕೂರುತ್ತಾನೆ, ಆದರೆ ಎದ್ದು ಲೋಕ ಮುಗಿಸಲು ಅಲ್ಲ, ಲೋಕಗಳು ಮುಗಿಯದಂತೆ ಹಿಡಿದುಕೊಳ್ಳಲು. ಸಿಂಹಾಸನದ ಆಸೆ ಕಾಮಿಕ್ಸ್ ಅವನಿಗೆ ಹಚ್ಚಿದ್ದು. ಆ ಆಸೆಯ ಸಾಲವನ್ನು ಸರಣಿ ಅಲ್ಲಿ ತೀರಿಸಿದೆ. ಸೂಪರ್‌ಹೀರೊ ಕಥೆಗಳು ಲೋಕಿಗೆ ಮಾಡಿದ ಬದಲಾವಣೆಗಳಲ್ಲಿ ನಾನು ಮನಸಾರೆ ಒಪ್ಪುವುದು ಇದನ್ನು.

ಓದಲು ಹೊರಟವರಿಗೆ ಕ್ರಮ ಮುಖ್ಯ. ಮೊದಲು ಸ್ನೊರಿಯ ಗದ್ಯ: ‘ಗಿಲ್ವಗಿನ್ನಿಂಗ್’ ಭಾಗ ಪೂರ್ತಿ, ಆಮೇಲೆ ‘ಸ್ಕಾಲ್ಡ್‌ಸ್ಕಪರ್ಮಾಲ್’ನಲ್ಲಿ ಕಥೆ ಇರುವ ಕಡೆ ಮಾತ್ರ, ಕಾವ್ಯದ ಲಕ್ಷಣ ಹೇಳುವ ಪಟ್ಟಿಗಳನ್ನು ದಾಟಿ ಹೋಗಿ. ಆಂಥನಿ ಫೌಕ್ಸ್ ಮಾಡಿದ ಇಂಗ್ಲಿಷ್ ಅನುವಾದ ವೈಕಿಂಗ್ ಸೊಸೈಟಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆಮೇಲೆ ಪದ್ಯಗಳಲ್ಲಿ ‘ಥ್ರಿಮ್ಸ್‌ಕ್ವಿದಾ’, ‘ಸ್ಕಿರ್ನಿಸ್ಮಾಲ್’, ‘ವೊಲುಸ್ಪಾ’. ‘ಲೋಕಸೆನ್ನ’ ಎಲ್ಲಕ್ಕಿಂತ ಕೊನೆಗೆ. ಅದನ್ನೇ ಮೊದಲು ತೆರೆದರೆ ಬರೀ ಬೈಗುಳದ ಸಾಲಾಗಿ ಕಾಣುತ್ತದೆ, ಏಕೆಂದರೆ ಒಂದೊಂದು ಬೈಗುಳದ ಹಿಂದೆಯೂ ಒಂದು ಕಥೆ ಇದೆ. ಫ್ರೇ ತನ್ನ ಕತ್ತಿಯನ್ನು ಹೆಣ್ಣಿಗಾಗಿ ಕೊಟ್ಟದ್ದು ಗೊತ್ತಿಲ್ಲದೆ, ಲೋಕ ಮುಗಿಯುವ ಕಡೆಯ ಯುದ್ಧ ರಾಗ್ನರಾಕ್‌ನಲ್ಲಿ ಏನು ಹಿಡಿದು ಕಾದುತ್ತೀಯ ಎಂಬ ಮಾತಿನ ಚುಚ್ಚು ತಿಳಿಯುವುದಿಲ್ಲ. ಕಾಮಿಕ್ಸ್ ಓದುವವರು 1962ರಿಂದ ಶುರುಮಾಡಿ ಸುಸ್ತಾಗಬೇಡಿ. ಕೀರನ್ ಗಿಲ್ಲೆನ್ ಬರೆದ ‘ಜರ್ನಿ ಇನ್‌ಟು ಮಿಸ್ಟರಿ’ 622ರಿಂದ 645, ಅದರ ಬೆನ್ನಿಗೆ ಆಲ್ ಯೂಯಿಂಗ್‌ನ ‘ಏಜೆಂಟ್ ಆಫ್ ಆಸ್‌ಗಾರ್ಡ್’ 17 ಸಂಚಿಕೆ. ಹಳೆಯ ಲೋಕಿಯ ಮಾತುಗಾರಿಕೆ ಹೆಚ್ಚು ಉಳಿದಿರುವುದು ಇವೆರಡರಲ್ಲಿ.

ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಊರಿನ ಗಣಪತಿ ಪೆಂಡಾಲಿನಲ್ಲೋ ಲೋಕಿಯನ್ನು ರಂಗಕ್ಕೆ ತರಬೇಕೆನ್ನುವವರು ‘ಥ್ರಿಮ್ಸ್‌ಕ್ವಿದಾ’ ತೆಗೆದುಕೊಳ್ಳಿ. ಸುಮಾರು 32 ಚರಣದ ಪುಟ್ಟ ಪದ್ಯ, ಅರ್ಧ ಗಂಟೆಯ ಆಟಕ್ಕೆ ಸರಿಯಾಗುತ್ತದೆ. ಕೀಚಕವಧೆ ನೋಡಿದ ಪ್ರೇಕ್ಷಕರಿಗೆ ಬೇರೆ ಪೀಠಿಕೆ ಬೇಡ: ದ್ರೌಪದಿಯ ಜಾಗದಲ್ಲಿ ಭೀಮ ಇರುವ ಹಾಗೆ ಇಲ್ಲಿ ಫ್ರೇಯಾಳ ಜಾಗದಲ್ಲಿ ಥಾರ್ ಮದುಮಗಳು. ಥ್ರಿಮ್ ಎಂಬ ದೈತ್ಯ ಸುತ್ತಿಗೆ ಕದ್ದು ನೆಲದಡಿ ಎಂಟು ಹರದಾರಿ ಆಳಕ್ಕೆ ಹೂತಿದ್ದಾನೆ, ಫ್ರೇಯಾಳನ್ನು ಕೊಟ್ಟರೆ ಮಾತ್ರ ವಾಪಸ್. ಉಪಾಯ ಹೇಳುವವನು ಹೈಮ್‌ಡಾಲ್, ಲೋಕಿ ಅಲ್ಲ. ಇಲ್ಲೇ ಹೆಚ್ಚಿನವರು ತಪ್ಪು ಮಾಡುತ್ತಾರೆ, ಉಪಾಯವನ್ನೂ ಲೋಕಿಯ ಬಾಯಿಗೆ ಹಾಕುತ್ತಾರೆ. ಹಾಗೆ ಮಾಡಿದರೆ ಅವನ ನಿಜವಾದ ಕೆಲಸ ಮಂಕಾಗುತ್ತದೆ. ಅವನ ಕೆಲಸ ಮದುವೆ ಮನೆಯಲ್ಲಿ, ದಾಸಿಯ ವೇಷದಲ್ಲಿ, ಥಾರ್ ಕೆಡಿಸುವ ಒಂದೊಂದು ಕ್ಷಣವನ್ನೂ ಮಾತಿನಿಂದ ಮುಚ್ಚುವುದು.

ಪಾತ್ರಗಳು ಎಂಟು: ಥಾರ್, ಲೋಕಿ, ಫ್ರೇಯಾ, ಹೈಮ್‌ಡಾಲ್, ಥ್ರಿಮ್, ಅವನ ಅಕ್ಕ, ಇಬ್ಬರು ಆಳುಗಳು. ಥಾರ್‌ಗೆ ಮುಖ ಪೂರ್ತಿ ಮುಚ್ಚುವ ಸೆರಗು, ಎದೆಯ ಮೇಲೆ ಅಗಲವಾದ ಪದಕಗಳು, ಕೊರಳಲ್ಲಿ ಫ್ರೇಯಾಳ ಹಾರ, ಸೊಂಟದಲ್ಲಿ ಸದ್ದು ಮಾಡುವ ಬೀಗದಕೈ ಗೊಂಚಲು. ಇವೆಲ್ಲ ಪದ್ಯದಲ್ಲೇ ಇವೆ. ಲೋಕಿಗೆ ಮೊದಲ ದೃಶ್ಯದಲ್ಲಿ ಹಾರಿಹೋಗಲು ಗರಿಯ ಹೊದಿಕೆ. ಸುತ್ತಿಗೆಯನ್ನು ಥರ್ಮೋಕೋಲಿನಲ್ಲಿ ಮಾಡಿದರೆ ಮಡಿಲಿಗಿಟ್ಟಾಗ ಹಗುರವಾಗಿ ಪುಟಿಯುತ್ತದೆ, ಇಡೀ ದೃಶ್ಯ ನಗೆಪಾಟಲಾಗುತ್ತದೆ. ಮರದ್ದೇ ಆಗಲಿ, ಇಬ್ಬರು ಆಳುಗಳು ಏದುಸಿರು ಬಿಡುತ್ತಾ ಹೊತ್ತು ತರಲಿ. ಹಿಡಿ ಒಂದು ಗೇಣು ಮೀರಬಾರದು.

ಊಟದ ದೃಶ್ಯದ ಲೆಕ್ಕ ಪದ್ಯದಲ್ಲಿ ಹೀಗಿದೆ: ಒಂದು ಎತ್ತು, ಎಂಟು ಸಾಲ್ಮನ್ ಮೀನು, ಹೆಂಗಸರಿಗೆಂದು ಇಟ್ಟ ತಿಂಡಿಯೆಲ್ಲ, ಮೂರು ಕೊಳಗ ಜೇನುಮದ್ಯ. ತಟ್ಟೆಗಳು ಒಂದರ ಹಿಂದೊಂದು ಬಂದು ಖಾಲಿಯಾಗಬೇಕು, ಎಂಟು ಮೀನನ್ನು ಪ್ರೇಕ್ಷಕರು ಎಣಿಸುವಂತಿರಬೇಕು. ನಮ್ಮ ಕಡೆಯ ಮಾತಿನಲ್ಲಿ ಸಂಭಾಷಣೆ ಇಷ್ಟು ಸಾಕು:

“ಯಾವ ಮದ್ವೆಣ್ಣೂ ಇಷ್ಟು ಉಂಡಿದ್ದ ನಾ ಕಂಡೇ ಇಲ್ವಲ್ಲ!”

“ಎಂಟು ರಾತ್ರಿಯಿಂದ ತುತ್ತು ಮುಟ್ಟಿಲ್ಲ ಬುದ್ಧಿ, ನಿಮ್ಮನೆಗೆ ಬರೋ ಆಸೇಲಿ.”

ಥ್ರಿಮ್ ಮುತ್ತಿಡಲು ಸೆರಗು ಎತ್ತಿ, ಕಣ್ಣು ನೋಡಿ, ಪಡಸಾಲೆಯ ಈ ತುದಿಯಿಂದ ಆ ತುದಿಗೆ ಹಾರಿ ಬೀಳುತ್ತಾನೆ.

“ಕಣ್ಣಲ್ಲಿ ಬೆಂಕಿ ಉರೀತದಲ್ಲ!”

“ಎಂಟು ರಾತ್ರಿಯಿಂದ ರೆಪ್ಪೆ ಮುಚ್ಚಿಲ್ಲ ಬುದ್ಧಿ, ನಿಮ್ಮನ್ನೇ ನೆನೆಸ್ಕೊಂಡು.”

ಲೋಕಿಯ ಪಾತ್ರಧಾರಿ ಇಲ್ಲಿ ಪ್ರೇಕ್ಷಕರ ಕಡೆ ಕಣ್ಣು ಹೊಡೆದರೆ ಕೆಟ್ಟಿತು. ಎರಡು ಉತ್ತರವನ್ನೂ ತಡಮಾಡದೆ, ನಂಬುವ ಹಾಗೆ, ಮನೆಯ ಹಳೆಯ ಕೆಲಸದಾಕೆಯ ವಿನಯದಿಂದ ಹೇಳಬೇಕು. ನಗುವ ಕೆಲಸ ಪ್ರೇಕ್ಷಕರದು. ಎರಡೂ ಕಡೆ ‘ಎಂಟು ರಾತ್ರಿ’ ಎನ್ನುವುದನ್ನು ಬದಲಿಸಬೇಡಿ. ಎರಡನೆಯ ಸಲ ಅದೇ ಲೆಕ್ಕ ಕೇಳಿದಾಗಲೇ ನಗು ಒಡೆಯುವುದು.

ಆಮೇಲೆ ಅಕ್ಕ ಬಂದು ಮದುಮಗಳ ಕೈಯ ಚಿನ್ನದ ಬಳೆಗಳನ್ನು ಉಡುಗೊರೆ ಕೇಳುತ್ತಾಳೆ. ಈ ಪಾತ್ರವನ್ನು ಸಮಯ ಉಳಿಸಲು ಕತ್ತರಿಸಬೇಡಿ, ಕೊನೆಯ ಹೊಡೆತ ಅವಳಿಗಿದೆ. ಮದುವೆಯನ್ನು ಪವಿತ್ರ ಮಾಡಲು ಸುತ್ತಿಗೆ ತನ್ನಿ, ಮದುಮಗಳ ಮಡಿಲಲ್ಲಿಡಿ ಎಂದು ಥ್ರಿಮ್ ತಾನೇ ಹೇಳುತ್ತಾನೆ. ಹಿಡಿ ಕೈಗೆ ಸಿಕ್ಕ ಮೇಲೆ ಥಾರ್ ಒಂದೆರಡು ಕ್ಷಣ ಕದಲದೆ ಕೂರಬೇಕು. ಪದ್ಯ ಅಲ್ಲಿ ಅವನ ಎದೆಯೊಳಗೆ ನಗು ಉಕ್ಕಿತು ಎನ್ನುತ್ತದೆ. ಮೊದಲ ಏಟು ಥ್ರಿಮ್‌ಗೆ, ಆಮೇಲೆ ಉಳಿದವರಿಗೆ, ಕೊನೆಯದು ಬಳೆ ಕೇಳಿದ ಅಕ್ಕನಿಗೆ. ಈ ಹೊತ್ತಿನಲ್ಲಿ ಲೋಕಿ ಏನು ಮಾಡಿದ ಎಂದು ಪದ್ಯ ಹೇಳುವುದಿಲ್ಲ, ಅವನಿಗೆ ಒಂದು ಮಾತೂ ಉಳಿಸಿಲ್ಲ. ನೀವೂ ಸೇರಿಸಬೇಡಿ, ದಾಸಿಯ ವೇಷದಲ್ಲೇ ಪಕ್ಕಕ್ಕೆ ನಿಂತಿರಲಿ, ಓಡಿನ್‌ನ ಮಗನಿಗೆ ಸುತ್ತಿಗೆ ಹೀಗೆ ಮರಳಿ ಸಿಕ್ಕಿತು ಎಂಬ ಕೊನೆಯ ಸಾಲನ್ನು ಹಾರ್ಮೋನಿಯಂ ಮೇಷ್ಟ್ರು ಹಾಡಿ ಮಂಗಳಕ್ಕೆ ತೆಗೆದುಕೊಳ್ಳಲಿ.